ಬಟ್ಟೆ ಕಟ್ಟದ ಗಾಳ

ನಾಗಲದಿನ್ನೆ
12 ನವೆಂಬರ್ 2023

ಜಂಬುನಾಥ ಮಾವನಿಗೆ,

ನಿನ್ನ ಅಕ್ಕ ಸುಂಕಮ್ಮನ ಕಾಲಿಗೆ ಹೊಕ್ಕ ಕೊಕ್ಕೆ ನನ್ನದು. ನಿನ್ನದಲ್ಲ.

ಮೊದಲು ಕ್ಷೇಮ ಕೇಳಬೇಕೆಂದು ಮೂರು ಸಲ ಶುರುಮಾಡಿ ಮೂರು ಹಾಳೆ ಹರಿದೆ. ಕ್ಷೇಮ ಕೇಳುತ್ತಾ ಹೋದರೆ ಈ ಮಾತು ಹಾಳೆಯ ಕೊನೆಗೆ ಸರಿದು ಅಲ್ಲಿಂದ ಬಿದ್ದೇ ಹೋಗುತ್ತಿತ್ತು. ಅದಕ್ಕೇ ಇದನ್ನೇ ಮೊದಲು ಬರೆದೆ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಸುಳ್ಳು ಹೇಳಿದೆನೆಂದಲ್ಲ, ನನ್ನನ್ನು ಯಾರೂ ಕೇಳಲೇ ಇಲ್ಲ. ಎಲ್ಲರೂ ನಿನ್ನನ್ನೇ ಕೇಳಿದರು. ಊರಲ್ಲಿ ದೊಡ್ಡ ಕೊಕ್ಕೆ ಹಾಕುವವನು ನೀನೊಬ್ಬನೇ ಎಂದು ಅವರಿಗೆ ಗೊತ್ತಿತ್ತು. ನನ್ನ ಹತ್ತಿರ ಪರದೇಶದ ಗಾಳಗಳ ಆ ತಗಡಿನ ಡಬ್ಬಿ ಇದ್ದದ್ದು ನಿನಗೊಬ್ಬನಿಗೇ ಗೊತ್ತಿತ್ತು.

ಆ ವರ್ಷ ಕಾರ್ತಿಕಕ್ಕೆ ಹೊಳೆ ತಿಳಿಯಾಗಿತ್ತು. ಬೆಳಿಗ್ಗೆ ಆರಕ್ಕೆ, ಹೆಂಗಸರು ಬಟ್ಟೆ ಗಂಟು ತರುವ ಮೊದಲು, ನಾನು ಗಂಗಮ್ಮನ ಮಡುವಿಗೆ ಹೋದೆ. ಹೌದು, ಅದಕ್ಕೇ. ಯಾರೂ ಗಾಳ ಹಾಕಬಾರದ, ಮಂಡಕ್ಕಿ ಚೆಲ್ಲಿ ಕೈಮುಗಿಯುವ ಮಡುವಿಗೆ. ಅಲ್ಲಿ ಆ ದೊಡ್ಡ ಬಾಳೆಮೀನು ಇತ್ತು. ನಾಲ್ಕನೇ ಎಸೆತಕ್ಕೆ ಗಾಳದ ಹಿತ್ತಾಳೆ ಚಮಚ, ಮೀನಿನಂತೆ ಹೊಳೆದು ಮೀನನ್ನು ಮೋಸಗೊಳಿಸುವುದು, ತಳದ ಬಂಡೆಯ ಸೀಳಿನಲ್ಲಿ ಸಿಕ್ಕಿಕೊಂಡಿತು. ಎಳೆದೆ. ದಾರ ಹರಿಯಿತು.

ಆಮೇಲೆ ಏನು ಮಾಡಬೇಕೆಂದು ನಮ್ಮೂರ ಚಿಕ್ಕ ಮಕ್ಕಳಿಗೂ ಗೊತ್ತು. ಕೊಕ್ಕೆ ನೀರಲ್ಲಿ ಉಳಿದರೆ ದಡದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ಕಟ್ಟಿದವನೇ ಇಳಿದು ತೆಗೆಯಬೇಕು. ತೆಗೆಯುವವರೆಗೆ, ಇಲ್ಲವೇ ಒಂದು ಮಳೆಗಾಲದ ನೀರು ಅದರ ಮೇಲೆ ಹಾಯುವವರೆಗೆ, ಅಲ್ಲಿ ಯಾರೂ ಕಾಲಿಡುವುದಿಲ್ಲ. ನೀನು ನಿನ್ನ ಹಳೇ ಟವೆಲ್ ಹರಿದು ಕೊಟ್ಟ ಕೆಂಪು ತುಂಡು ನನ್ನ ಸೊಂಟದಲ್ಲೇ ಇತ್ತು. ಆದರೆ ಆ ಮಡುವಿನ ದಡದಲ್ಲಿ ಬಟ್ಟೆ ಕಟ್ಟಿದರೆ ಆ ಮಡುವಿಗೆ ಗಾಳ ಹಾಕಿದೆನೆಂದು ಊರಿಗೆಲ್ಲ ಸಾರಿದಂತೆ. ನಾಲ್ಕು ಸಲ ಮುಳುಗಿ ಹುಡುಕಿದೆ. ಸಿಗಲಿಲ್ಲ. ಬಟ್ಟೆಯನ್ನು ಸೊಂಟದಲ್ಲೇ ಇಟ್ಟುಕೊಂಡು ಮನೆಗೆ ಬಂದೆ.

ಹತ್ತು ಗಂಟೆಗೆ ಸುಂಕವ್ವ ಬಟ್ಟೆ ಒಗೆಯಲು ಇಳಿದಳು.

ಮುಂದಿನದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಅರ್ಧ ಹೇಳಿದಂತೆ. ಮೂರು ದಿನ ಅರಿಶಿನ ಸುಣ್ಣ ಹಚ್ಚಿದರು. ಅವಳಿಗೆ ಸಕ್ಕರೆ ಕಾಯಿಲೆ. ಆದೋನಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಬಲಗಾಲಿನ ಎರಡು ಬೆರಳು ಕಪ್ಪಗಾಗಿದ್ದವು, ಕತ್ತರಿಸಿದರು. ಬೇವಿನ ಕಟ್ಟೆಯ ಪಂಚಾಯ್ತಿಯಲ್ಲಿ ನೀನು ಒಂದೇ ಮಾತು ಹೇಳಿದೆ: "ನನ್ನ ಕೊಕ್ಕಿ ಆಗಿದ್ರ ಬಟ್ಟಿ ಕಟ್ಟಿರ್ತಿದ್ದೆ." ಯಾರೂ ನಂಬಲಿಲ್ಲ. ಅವಳ ಮಗ ಭರತ, ನಿನ್ನ ಸ್ವಂತ ಸೋದರಳಿಯ, ಕೊಡಲಿ ತಂದು ನಿನ್ನ ಹರಿಗೋಲು ಕಡಿದ. ನಾನು ಐದು ಮಾರು ದೂರದಲ್ಲಿ ನಿಂತಿದ್ದೆ. ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ಕೊಡಲಿ ನೋಡುತ್ತಿದ್ದೆ.

ಊರು ಬಿಟ್ಟು ಹೋದ ನಿನ್ನ ವಿಳಾಸವನ್ನು ಮೀನುಮರಿ ತರುವ ಲಾರಿಯವನು ಕೊಟ್ಟ. ನೀನು ಫೋನು ಇಟ್ಟುಕೊಂಡಿಲ್ಲ ಎಂದ. ಇಟ್ಟುಕೊಂಡಿದ್ದರೂ ನಾನು ಬರೆಯುತ್ತಿದ್ದೆ. ಇದನ್ನು ಯಾರಿಗೆ ಬೇಕಾದರೂ ತೋರಿಸು.

ಸೂರಿ


ಹೊಸಪೇಟೆ ಹತ್ರ, ಮೀನುಮರಿ ಕೊಳ
30 ನವೆಂಬರ್ 2023

ಸೂರಿ,

ಕಾಗದ ಬಂತು. ನಾನು ಓದಿದ್ದು ನಾಕನೇ ಕ್ಲಾಸು. ಮಾತಾಡಿದಂಗ ಬರೀತೀನಿ, ನಗಬ್ಯಾಡ.

ಇಲ್ಲಿ ಹನ್ನೆರಡು ಕೊಳ ಅದಾವ. ಮರಿ ಕಾಯೋದು, ಬೆಳ್ಳಕ್ಕಿ ಓಡಿಸೋದು ನನ್ನ ಕೆಲಸ. ಹಿಡಿಯೋ ಕೈಗೆ ಕಾಯೋ ಕೆಲಸ ಕೊಟ್ಟಾರ. ಊಟಕ್ಕ ತೊಂದ್ರಿ ಇಲ್ಲ.

ಈ ಚಳಿಗಾಲದಾಗ ಯಾವುದು ಎಸೀತಿ? ನೀರು ತಿಳಿ ಇದ್ರ ಡಬ್ಬ್ಯಾಗಿನ ಸೊಸಿನ್ನ ಎಸಿ, ಆ ಸಣ್ಣ ಬೆಳ್ಳನ್ನ ಗಾಳ. ಹೊಸ ನೀರು ಬಂದು ಹೊಳಿ ಕೆಂಪಾದಾಗ ಹಿತ್ತಾಳಿದು, ದೊಡ್ಡದು. ಬಿಸಿಲು ಜೋರಿದ್ರ ಹೊಳೆಯೋದು ಬ್ಯಾಡ, ಮೀನು ಅಂಜತಾವ. ಎಸೆದ ಕೂಡ್ಲೆ ರೀಲು ಸುತ್ತಬ್ಯಾಡ. ನಿಂಗ ಯಾವಾಗಲೂ ಅವಸರ. ಹರಿಯೋ ನೀರಿಗೆ ಅಡ್ಡ ಎಸೆದು ದಾರ ಬಿಗಿ ಇಟ್ಕೊಂಡು ನಿಂದ್ರು. ನೀರ ಅದನ್ನ ಬಾಗಿಸಿಕೊಂಡು ಈ ದಂಡಿಗೆ ತರತೈತಿ. ಆ ಬಾಗು ಮುಗಿಯೋ ಜಾಗದಾಗ ಮೀನು ಬಾಯಿ ಹಾಕತೈತಿ, ಅದಕ್ಕಿಂತ ಮೊದಲು ಅಲ್ಲ.

ಮೂರು ಮೊನಿ ಕೊಕ್ಕಿ ಇದ್ದಿದ್ದೆಲ್ಲ ತೆಗೆದು ಒಂದ ಮೊನಿದು ಹಾಕು. ಎಲ್ಲಾದಕ್ಕೂ. ಇವತ್ತ ಹಾಕು.

ಆ ಡಬ್ಬಿ ಮ್ಯಾಲಿನ ಮೀನಿನ ಹೆಸರು ಮರ್ತೀನಿ. ಊರಿಗೆ ವಾಪಸ್ ಬಂದು ಸಾಯೋ ಮೀನು. ಇನ್ನೇನಿಲ್ಲ.

ಜಂಬುನಾಥ


ನಾಗಲದಿನ್ನೆ
18 ಡಿಸೆಂಬರ್ 2023

ಮಾವನಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಹಾಳೆಯ ಹಿಂದೆ ಏನಾದರೂ ಇದೆಯೋ ಎಂದು ತಿರುಗಿಸಿಯೂ ನೋಡಿದೆ. ನಾನು ಬರೆದದ್ದಕ್ಕೆ ಒಂದು ಅಕ್ಷರದ ಉತ್ತರವೂ ಇಲ್ಲ. ನಿನ್ನ ಮನೆಗೆ ಬೆಂಕಿ ಇಟ್ಟವನು ನಾನೇ ಎಂದು ಒಬ್ಬ ಬರೆದರೆ, ಒಲೆಗೆ ಯಾವ ಕಟ್ಟಿಗೆ ಒಳ್ಳೆಯದು ಎಂದು ನೀನು ಬರೆದಿದ್ದೀಯ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ಮೀನಿನ ಹೆಸರು ಸಾಲ್ಮನ್. ಡಬ್ಬಿ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಮೊನ್ನೆ ಇಳಿಸಿ ನೋಡಿದೆ. ಗಾಳಗಳು ಏಳಿದ್ದವು, ಈಗ ಆರು ಇವೆ.

ಮಂತ್ರಾಲಯದ ಲಾಡ್ಜಿನಲ್ಲಿ ನಾನು ರೂಮು ಗುಡಿಸುತ್ತಿದ್ದ ಕಾಲ. ಪರದೇಶದಿಂದ ರಾಯರ ದರ್ಶನಕ್ಕೆ ಬಂದವರು ಯಾರೋ ಅದನ್ನು ಮಂಚದ ಕೆಳಗೆ ಬಿಟ್ಟು ಹೋಗಿದ್ದರು. ಮಾಲೀಕ ಗುರುಪಾದಯ್ಯನವರು ಮುಚ್ಚಳ ತೆಗೆದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಶಿವಶಿವಾ! ಮಠದ ಊರಾಗ, ನನ್ನ ಲಾಡ್ಜಿನಾಗ, ಮೀನಿನ ಗಾಳ! ಮುಟ್ಟಬ್ಯಾಡಲೇ. ಅಲ್ಲ, ಮುಟ್ಟು. ನೀನ ಮುಟ್ಟು, ಮುಟ್ಟಿ ಕೆಳಗ ಇಡು." ಮೂರು ತಿಂಗಳು ಅದು ಮೆಟ್ಟಿಲ ಕೆಳಗೆ ಪೊರಕೆಗಳ ಜೊತೆ ಇತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ನಾನು ಆ ಕೆಲಸ ಬಿಟ್ಟ ದಿನ ಅವರೇ ಕೊಟ್ಟು ಕಳಿಸಿದರು.

ನಿನಗೆ ತಂದು ತೋರಿಸಿದಾಗ ಡಬ್ಬಿಯೊಳಗಿದ್ದ ಚೀಟಿಯ ಇಂಗ್ಲಿಷನ್ನು ಫೋನಿನಲ್ಲಿ ಹುಡುಕಿ ಹುಡುಕಿ ಓದಿ ಹೇಳಿದೆ. ಆ ಮೀನು ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ನೀರಿಗೆ ಎದುರು ಈಜಿ ಅದೇ ಹೊಳೆಗೆ ಬರುತ್ತದೆ ಎಂದೆ. ನೀನು ನಕ್ಕೆ. "ಅದು ಮೀನಲ್ಲಲೇ, ಕೋಸಗಿ ಮಂದಿ. ಎಲ್ಲಿ ದುಡಿಯಾಕ ಹೋದ್ರೂ ಹಬ್ಬಕ್ಕ ಊರಿಗೆ ಬರ್ತಾರ."

ಮೊಣಕಾಲು ನೀರಿನಲ್ಲಿ ಏಳನ್ನೂ ಒಂದೊಂದಾಗಿ ಎಳೆದು ನೋಡಿದೆವು. ನಾನು ಎಳೆಯುವಾಗ ನೀನು ಮೂಗು ಹಿಡಿದು ನೀರೊಳಗೆ ಮುಳುಗಿ, ಮೀನಿನ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ನೋಡುತ್ತಿದ್ದೆ. ಎದ್ದು ಮೀಸೆಯಿಂದ ನೀರು ಒರೆಸಿಕೊಂಡು ತೀರ್ಪು ಕೊಡುತ್ತಿದ್ದೆ. "ಇದಕ್ಕ ಸುಳ್ಳು ಹೇಳಾಕ ಬರಲ್ಲ, ತೆಗೆದಿಡು." "ಇದು ಗಾಯ ಆದ ಮೀನು ಹೊಳ್ಳಾಡಿದಂಗ ಹೊಳ್ಳಾಡತೈತಿ, ಇಟ್ಕೋ." ಬೆಳ್ಳಗೆ ಹಗುರಾಗಿ ಮೇಲೆ ಮೇಲೆ ಕುಣಿಯುವುದಕ್ಕೆ ಸೊಸೆ ಎಂದು ಹೆಸರಿಟ್ಟೆ. ತೂಕದ ಹಿತ್ತಾಳೆ ಚಮಚ, ತಳಕ್ಕೆ ಕೂತು ಎಲ್ಲವನ್ನೂ ಕೆರೆದು ನೋಡುವುದಕ್ಕೆ ಅತ್ತೆ ಎಂದೆ. ಡಬ್ಬಿಯಲ್ಲಿ ಈಗ ಇಲ್ಲದ್ದು ಅತ್ತೆ.

ಸುಂಕವ್ವನ ವಿಷಯ ನೀನು ಕೇಳಲಿಲ್ಲ, ನಾನು ಹೇಳುತ್ತೇನೆ. ಅವಳಿಗೆ ಈಗ ಕೆಸರಿನಲ್ಲಿ ನಿಲ್ಲಲು ಆಗುವುದಿಲ್ಲ, ನಾಟಿಗೆ ಯಾರೂ ಕರೆಯುವುದಿಲ್ಲ. ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಎರಡು ವರ್ಷದಿಂದ ಹೊಳೆ ಕಡೆ ಹೋಗಿಲ್ಲ. ಹೊಳೆ ಅವಳ ಮನೆಯಿಂದ ಕೂಗಳತೆ ದೂರ. ಮೊನ್ನೆ ನಾನು ಹಾದು ಹೋಗುವಾಗ ಕರೆದಳು. "ಸೂರಿ, ಹೊಳಿ ಈಗ ಎಷ್ಟು ಐತಲೇ?" "ಆನೆಕಲ್ಲಿನ ಹೊಟ್ಟಿ ಮಟ ಐತವ್ವಾ" ಎಂದೆ. "ಹಂಗಾದ್ರ ಶಿವರಾತ್ರಿಗೆ ಮಡುವಿನಾಗ ಮೊಣಕಾಲು ನೀರು" ಎಂದಳು. ಅಷ್ಟೇ ಹೇಳಿದ್ದು.

ನಾನು ನಿದ್ದೆ ಮಾಡಿಲ್ಲ ಮಾವ. ಆ ಕೊಕ್ಕೆಗೆ ಮೂರು ಮೊನೆ. ಅವಳ ಕಾಲಿನಲ್ಲಿ ಮುರಿದುಕೊಂಡು ಬಂದದ್ದು ಒಂದು. ಎರಡು ಮಳೆಗಾಲ ಹಾಯ್ದಿದೆ, ಕೊಕ್ಕೆ ಕೊಚ್ಚಿ ಹೋಗಿದೆ ಎಂದು ಊರು ತಿಳಿದಿದೆ. ಸಣ್ಣ ಕೊಕ್ಕೆ ಹೋಗುತ್ತದೆ. ಅತ್ತೆ ಹೋಗುವುದಿಲ್ಲ, ಸೀಳಿನಲ್ಲಿ ಕಚ್ಚಿಕೊಂಡಿದೆ. ಶಿವರಾತ್ರಿಗೆ ಊರಿನ ಹೆಂಗಸರೆಲ್ಲ, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು, ಬರಿಗಾಲಲ್ಲಿ ಅದೇ ಮಡುವಿಗೆ ಇಳಿಯುತ್ತಾರೆ.

ಕೊನೆಯದೊಂದು. ತಿಳಿ ನೀರಿಗೆ ಸೊಸೆ ಎಂದು ಬರೆದಿದ್ದೀಯ. ಚೀಟಿಯೂ ಹಾಗೇ ಹೇಳುತ್ತದೆ. ಆದರೆ ಮಡುವಿಗೆ ಹೋದ ದಿನದ ಹಿಂದಿನ ಸಂಜೆ ನಾನು ನಿನ್ನ ಕಟ್ಟೆಯ ಮೇಲೆ ಕೂತು ಕೇಳಿದ್ದೆ: ತಿಳಿ ನೀರು, ಆಳ ಐತಿ, ತಳದಲ್ಲಿ ಬಂಡೆ, ಯಾವುದು ಹಾಕಲಿ? ಯಾವ ಜಾಗ ಎಂದು ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ನೀನು ಏನು ಹೇಳಿದೆ ಎಂದು ನನಗೆ ನೆನಪಿದೆ. ನಿನಗೆ ನೆನಪಿದೆಯೇ?

ಸೂರಿ


ಮೀನುಮರಿ ಕೊಳ
9 ಜನವರಿ 2024

ಸೂರಿ,

ನೆನಪೈತಿ. ಅತ್ತಿನ್ನ ಹಾಕು ಅಂದೆ.

ನಮ್ಮೂರ ಹೊಳಿಯಾಗ ತಿಳಿ ನೀರು, ಆಳ, ಬಂಡಿ ತಳ, ಮೂರೂ ಇರೋ ಜಾಗ ಒಂದ ಐತಿ. ಕೇಳೋ ಅವಶ್ಯ ಇರಲಿಲ್ಲ. ಕೇಳಿದ್ರ ಬ್ಯಾಡ ಅನ್ನಬೇಕಾಗ್ತಿತ್ತು, ಅದಕ್ಕ ಕೇಳಲಿಲ್ಲ. ಆ ಬಾಳಿಮೀನು ನಾನು ಆರು ವರ್ಷ ನೋಡೀನಿ. ಮೀಸಿ ನನ್ನ ಮೊಣಕೈ ಉದ್ದ. ಮಂಡಕ್ಕಿಗೆ ಬಂದ ಸಣ್ಣ ಮೀನು ನುಂಗಿ ಹೋಗೋದು. ಸೊಸಿನ್ನ ಹಾಕಿದ್ರ ಮ್ಯಾಲೆ ಮ್ಯಾಲೆ ಬರ್ತಿತ್ತು, ಎಲ್ಲೂ ಸಿಕ್ಕೋತಿರಲಿಲ್ಲ. ಆದ್ರ ಆ ಮೀನು ಮ್ಯಾಲೆ ಬರೋ ಜಾತಿ ಅಲ್ಲ. ತಳಕ್ಕ ತಾಗಬೇಕು ಅಂತ ಗೊತ್ತಿತ್ತು, ತಳಕ್ಕ ತಾಗಿದ್ದು ಸಿಕ್ಕೊಂಡ್ರೂ ಸಿಕ್ಕೋಬೋದು ಅಂತನೂ ಗೊತ್ತಿತ್ತು. ಗಂಗಮ್ಮನ ಮಡುವಿಗೆ ನಾನು ಗಾಳ ಹಾಕೋನಲ್ಲ. ನಿನ್ನ ಕೈಲಿ ಹಾಕಿಸಿದೆ.

ಆಸ್ಪತ್ರ್ಯಾಗ ಆ ಮುರುಕು ಮೊನಿ ನನ್ನ ಕೈಯಾಗ ಇಟ್ರು. ನೋಡಿದ ಕೂಡ್ಲೆ ತಿಳೀತು. ನಮ್ಮ ಕೊಕ್ಕಿ ಬಗ್ಗತೈತಿ, ಮುರಿಯಲ್ಲ. ಇದು ಚಟ್ ಅಂತ ಮುರಿದಿತ್ತು, ಮ್ಯಾಲೆ ಕಪ್ಪು, ಮುರಿದಲ್ಲಿ ಬೆಳ್ಳಗ. ಪಂಚಾಯ್ತಿ ದಿನ ನಿನ್ನ ಕಡಿ ನೋಡಿದ್ದು ಹೇಳು ಅಂತ ಅಲ್ಲ. ಹೇಳಬ್ಯಾಡ ಅಂತ ನೋಡಿದೆ.

ಅಕ್ಕಗ ನನ್ನ ಮ್ಯಾಲೆ ಸಿಟ್ಟು ಐತಿ. ತಮ್ಮ ದಡ್ಡ, ಬಟ್ಟಿ ಕಟ್ಟೋದು ಮರ್ತ, ಅಂತ ಸಿಟ್ಟು. ಸಿಟ್ಟು ಇರಲಿ, ಅದು ನಂಗ ಸಾಕು. ಆಕಿ ಕಾಲಿಡೋ ನೀರಿಗೆ ಗೊತ್ತಿದ್ದೂ ಕೊಕ್ಕಿ ಕಳಿಸಿದ ಅಂತ ತಿಳಿದ್ರ ಅದು ಸಿಟ್ಟಲ್ಲ. ಅದಕ್ಕ ಹೆಸರು ನಂಗ ಗೊತ್ತಿಲ್ಲ.

ಈಗ ಕೇಳು. ಸಿಕ್ಕೊಂಡ ಗಾಳ ಹಾಕಿದ ಕಡೆಯಿಂದ ಎಳೆದ್ರ ಬರಲ್ಲ, ಇನ್ನಷ್ಟು ಕಚ್ಚತೈತಿ. ಅದಕ್ಕ ನೀನು ಮುಳುಗಿ ಹುಡುಕಿದ್ರೂ ಸಿಕ್ಕಿಲ್ಲ, ಈ ಕಡೆಯಿಂದ ಕೈ ಹಾಕಿದಿ. ಮಡುವಿನ ಆ ಕಡಿ ಇರೋ ಆನೆಕಲ್ಲಿನ ಮ್ಯಾಲೆ ಹೋಗು. ಎದುರಿಂದ ಇಳಿಬಿಡು. ಬಾವಿಗೆ ಬಿದ್ದ ಕೊಡ ತೆಗಿಯೋ ಪಾತಾಳಗರಡಿ ಎರ್ರಮ್ಮನ ಮನ್ಯಾಗ ಐತಿ, ಹಗ್ಗ ಕಟ್ಟಿ ಅದನ್ನ ಬಿಡು. ತಳ ಕೆರೆದು ಸೀಳಿನಾಗ ಇಳೀತು ಅಂದ್ರ ಕೈಗೆ ತಿಳೀತೈತಿ. ಆಗ ಎಳಿ, ಜಗ್ಗಬ್ಯಾಡ, ಎಳಿ.

ಬಂದ ಕೂಡ್ಲೆ ನಡುಹೊಳಿಗೆ ಒಗೆದು ಮನಿಗೆ ಹೋಗು. ಬಾಯಿ ಮುಚ್ಚು. ನಿಂಗ ಭರತನ ಕೈ ಗೊತ್ತಿಲ್ಲ. ನಾನು ಎತ್ತಿ ಆಡಿಸಿದ ಕೂಸು ಅದು, ನಂಗ ಗೊತ್ತೈತಿ.

ಜಂಬುನಾಥ


ನಾಗಲದಿನ್ನೆ
12 ಫೆಬ್ರವರಿ 2024

ಮಾವನಿಗೆ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಎರಡು ವರ್ಷ ನಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ನೀನೂ ಹೊತ್ತಿದ್ದೆ ಎಂದು ತಿಳಿದ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ. ಭಾರ ಇಬ್ಬರಿಗಾದರೆ ಅರ್ಧವಾಗುವುದಿಲ್ಲ, ಎರಡಾಗುತ್ತದೆ.

ಹತ್ತಿ ಗಿರಣಿಯ ಕೆಲಸ ಬಿಟ್ಟೆ. ಶಾಲೆ, ಲಾಡ್ಜು, ಗಾರೆ ಕೆಲಸ, ಈಗ ಇದು. ನಮ್ಮವ್ವ ಲೆಕ್ಕ ಇಡುವುದನ್ನೇ ನಿಲ್ಲಿಸಿದ್ದಾಳೆ. "ನಿನ್ನ ಕಾಲಾಗ ಏನೈತಲೇ, ಇರುವಿ ಅದಾವೇನು?" ಎನ್ನುತ್ತಾಳೆ. ನನ್ನ ಕಾಲಲ್ಲಿ ಏನಿದೆ ಎಂದು ನನಗೆ ಗೊತ್ತು.

ಹೊಳೆ ಇಳಿಯುತ್ತಿದೆ. ದಿನಾ ಬೆಳಿಗ್ಗೆ ಹೋಗಿ ಆನೆಕಲ್ಲಿನ ಮೇಲೆ ನೀರಿನ ಗುರುತು ನೋಡಿ ಬರುತ್ತೇನೆ. ನಿನ್ನೆ ಚಹದಂಗಡಿಯಲ್ಲಿ ಭರತ ಹಿಡಿದ. "ಒರೇಯ್ ಸೂರಿ, ಹೊಳಿ ಕಡಿ ಏನು ನಿಂದು? ಮಾವನ ಚಾಳಿ ಬಂತೇನು?" ಅಂಗಡಿಯಲ್ಲಿ ಇದ್ದವರು ನಕ್ಕರು. ನಾನು ನಗಲಿಲ್ಲ. ಅವನೂ ನಗು ನಿಲ್ಲಿಸಿದ. "ಅವನ ಸುದ್ದಿ ಏನಾರ ಗೊತ್ತಿದ್ರ ಹೇಳು. ಎರಡು ಬೆರಳಿಗೆ ಒಂದು ಕಾಲು. ನಾನು ಜಾಸ್ತಿ ಕೇಳಂಗಿಲ್ಲ" ಎಂದ. ಹೇಳುವಾಗ ಗ್ಲಾಸು ಮೇಜಿನ ಮೇಲೆ ಇಟ್ಟದ್ದು ಎಷ್ಟು ಮೆಲ್ಲಗೆ ಎಂದರೆ ಸದ್ದೇ ಆಗಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ನನ್ನ ಜೇಬಿನಲ್ಲಿ ನಿನ್ನ ಕಾಗದ ಇತ್ತು. ಸುಮ್ಮನೆ ಎದ್ದು ಬಂದೆ. ಹೀಗೆ ಸುಮ್ಮನೆ ಎದ್ದು ಬಂದದ್ದು ಇದೇ ಕೊನೆ ಎಂದು ದಾರಿಯಲ್ಲಿ ಅಂದುಕೊಂಡೆ.

ನಿನ್ನ ಮಾತಿನಂತೆ ಎದುರು ಕಡೆಯಿಂದ ಎಳೆಯುತ್ತೇನೆ. ಪಾತಾಳಗರಡಿ ಕೇಳಿಕೊಂಡು ಬಂದಿದ್ದೇನೆ. ಆದರೆ ಕದ್ದು ತೆಗೆದು ನಡುಹೊಳೆಗೆ ಒಗೆಯುವುದಿಲ್ಲ. ಮೊದಲು ಕೋಲು ನೆಡುತ್ತೇನೆ, ಕೆಂಪು ಬಟ್ಟೆ ಕಟ್ಟುತ್ತೇನೆ, ಹೆಂಗಸರು ಬರುವ ಹೊತ್ತಿಗೆ ಕಟ್ಟುತ್ತೇನೆ. ಯಾರದು ಎಂದು ಕೇಳಿದರೆ ನನ್ನದು ಎನ್ನುತ್ತೇನೆ. ಆವತ್ತಿನ ಬಟ್ಟೆಯ ತುಂಡೇ ಇದೆ, ಬಿಸಾಡಿಲ್ಲ.

ನಿನ್ನ ಪಾಲು ನಿನ್ನದು. ಅದನ್ನು ನಾನು ಹೇಳುವುದಿಲ್ಲ. ಕೇಳಿದರೆ ಸುಳ್ಳೂ ಹೇಳುವುದಿಲ್ಲ. ಇವೆರಡರ ನಡುವೆ ಎಷ್ಟು ಜಾಗ ಇದೆಯೋ ನನಗೆ ಗೊತ್ತಿಲ್ಲ.

ಮಾರ್ಚ್ ಎಂಟಕ್ಕೆ ಶಿವರಾತ್ರಿ. ಮೂರನೇ ತಾರೀಕು, ಭಾನುವಾರ, ಕಟ್ಟುತ್ತೇನೆ.

ಸೂರಿ


(ಅಂಚೆ ಕಾರ್ಡು)
24 ಫೆಬ್ರವರಿ 2024

ಕಟ್ಟಬ್ಯಾಡ.

ಜಂಬುನಾಥ


ನಾಗಲದಿನ್ನೆ
4 ಮಾರ್ಚ್ 2024

ಮಾವನಿಗೆ,

ನಿನ್ನ ಕಾರ್ಡು ಶನಿವಾರ ಬಂತು. ಭಾನುವಾರ ಕಟ್ಟಿದೆ.

ಏಳು ಗಂಟೆಗೆ ಕೋಲು ನೆಟ್ಟು, ಬಟ್ಟೆ ಕಟ್ಟಿ, ಪಕ್ಕದಲ್ಲೇ ಕೂತೆ. ಮೊದಲು ಬಂದವಳು ಎರ್ರಮ್ಮ. ಗಂಟು ತಲೆಯ ಮೇಲೇ ಇತ್ತು.

"ಯಾರದಲೇ ಈ ಬಟ್ಟಿ? ಗಂಗಮ್ಮನ ಮಡುವಿಗೆ ಗಾಳ ಹಾಕಿದ್ದು ಯಾವ ಹಾಳಾದೋನು?"

"ನಂದು."

"ಅದಕ್ಕೇನು ನಮ್ಮ ಪಾತಾಳಗರಡಿ ಒಯ್ದಿದ್ದಿ? ಕೊಡ ಬಿದ್ದೈತಿ ಅಂದಿ?"

"ಕೊಡ ಬಿದ್ದೈತಿ ಅಂತ ನಾನು ಅಂದಿಲ್ಲ. ನೀನ ಅಂದಿ. ನಾನು ಸುಮ್ನ ಇದ್ದೆ."

"ಯಾವಾಗ ಹಾಕಿದಿ ಗಾಳ? ನಿನ್ನೆ?"

"ಎರಡು ವರ್ಷ ಆತು."

ಹಿಂದಿನಿಂದ ಬಂದ ಹುಡುಗಿಯರು ಕಿಸಕ್ಕನೆ ನಕ್ಕರು. "ಎರಡು ವರ್ಷದ ಗಾಳಕ್ಕ ಇವತ್ತು ಬಟ್ಟಿ ಕಟ್ಟ್ಯಾನ ನೋಡ್ರೀ!" ಎರ್ರಮ್ಮ ನಗಲಿಲ್ಲ. ನನ್ನ ಮುಖ ನೋಡಿದಳು, ನೀರು ನೋಡಿದಳು. ತಲೆಯ ಮೇಲಿನ ಗಂಟನ್ನು ಎರಡೂ ಕೈಯಲ್ಲಿ ಇಳಿಸಿ ಕಲ್ಲಿನ ಮೇಲಿಟ್ಟಳು. ಆಮೇಲೆ ಹುಡುಗಿಯರಿಗೆ, "ಮೌನಿಕಾ, ಸುಂಕಮ್ಮನ ಮನಿಗೆ ಹೋಗು. ಭರತನ್ನ ಕರಿ" ಎಂದಳು.

ಅವನು ಬರುವ ಮೊದಲು ಕೊಕ್ಕೆ ತೆಗೆಯಬೇಕೆಂದು ನಾನು ನೀರಿಗೆ ಇಳಿದು ಆನೆಕಲ್ಲು ಹತ್ತಿದೆ. ಪಾತಾಳಗರಡಿ ಇಳಿಬಿಟ್ಟೆ. ನೀನು ಹೇಳಿದಂತೆ ಕೈಗೆ ತಿಳಿಯುತ್ತದೆ. ಮೊದಲು ಮರಳು, ಆಮೇಲೆ ಬಂಡೆ, ಬಂಡೆ ಮುಗಿದು ಒಂದು ಗೇಣು ಖಾಲಿ. ಹಗ್ಗ ಬಿಗಿಯಾಯಿತು. ಎಳೆದೆ. ಬರಲಿಲ್ಲ. ದಡದಲ್ಲಿ ಮಂದಿ ಸೇರಿದ್ದರು. ಭರತ ಬಂದದ್ದು ನನಗೆ ಕಾಣಲಿಲ್ಲ. ಮಂದಿ ಎರಡು ಪಾಲಾಗಿ ಸರಿದದ್ದು ಕಂಡಿತು.

ಅವನ ಕೈಯಲ್ಲಿ ಕೊಡಲಿ ಇರಲಿಲ್ಲ. ಪ್ಯಾಂಟು ಅಂಗಿಯಲ್ಲೇ ನೀರಿಗಿಳಿದ. ಮೊಣಕಾಲವರೆಗೆ, ಸೊಂಟದವರೆಗೆ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾ ಬಂದ. ನಾನು ಹಗ್ಗ ಬಿಟ್ಟು ಓಡಬಹುದಿತ್ತು. ಓಡಿದರೆ ಕೊಕ್ಕೆ ಅಲ್ಲೇ ಉಳಿಯುತ್ತಿತ್ತು. ಅವನು ಕಲ್ಲು ಹತ್ತಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡ. ಅದು ನನ್ನ ಕುತ್ತಿಗೆಗೆ ಎಂದುಕೊಂಡೆ. ಅವನು ಕೈಗೆ ಒಂದು ಸುತ್ತು ಸುತ್ತಿಕೊಂಡು, ಕಾಲು ಬಂಡೆಗೆ ಒತ್ತಿ, ಹೊಳೆಗೆ ಬೆನ್ನು ಮಾಡಿ ಎಳೆದ. "ಜಗ್ಗಬ್ಯಾಡ, ಎಳಿ" ಎಂದೆ. ನಿನ್ನ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ಅವನಿಗೆ ಆ ಮಾತು ಯಾರದೆಂದು ಗೊತ್ತಾಯಿತು, ಚಿಕ್ಕಂದಿನಿಂದ ಕೇಳಿದ್ದಾನೆ. ಒಂದು ಗಳಿಗೆ ನಿಂತ. ಆಮೇಲೆ ಮೆಲ್ಲಗೆ ಎಳೆದ.

ಬಂತು. ಪಾಚಿ ಹಿಡಿದ ಮೂರು ಮಾರು ದಾರ, ಅದರ ತುದಿಗೆ ಅತ್ತೆ. ಹಿತ್ತಾಳೆ ಹಸಿರುಗಟ್ಟಿತ್ತು. ಎರಡು ಮೊನೆ, ಮೂರನೆಯದರ ಜಾಗದಲ್ಲಿ ಮೊಂಡು.

ಅವನು ಅದನ್ನು ಬಹಳ ಹೊತ್ತು ನೋಡಿ, ಜೋಪಾನವಾಗಿ ಕಲ್ಲಿನ ಮೇಲಿಟ್ಟು, ನನಗೆ ಹೊಡೆದ. ಒಂದೇ ಏಟು. ಎಡಗಿವಿಯಲ್ಲಿ ಈಗಲೂ ಜೀರುಂಡೆ ಕೂಗುತ್ತಿದೆ. ಇನ್ನೊಂದು ಏಟಿಗೆ ಕೈ ಎತ್ತಿದವನು ಹಾಗೇ ನಿಂತ. ದಡದ ಕಡೆ ನೋಡುತ್ತಿದ್ದ. ನಾನೂ ನೋಡಿದೆ.

ಸುಂಕವ್ವ ಬರುತ್ತಿದ್ದಳು. ಮೌನಿಕಾಳ ಹೆಗಲು ಹಿಡಿದು, ಬಲಗಾಲನ್ನು ಹೊರಗೆ ತಿರುಗಿಸಿ ಇಡುತ್ತಾ, ಎರಡು ವರ್ಷದ ಮೇಲೆ ಹೊಳೆಗೆ ಬರುತ್ತಿದ್ದಳು. ಬಟ್ಟೆ ಕಟ್ಟಿದ ಕೋಲಿನ ಹತ್ತಿರ ನಿಂತಳು. ನೀರಿಗೆ ಕಾಲಿಡಲಿಲ್ಲ. ನಾನು ಕಲ್ಲಿನ ಮೇಲಿದ್ದ ಅತ್ತೆಯನ್ನು ತೆಗೆದುಕೊಂಡು ಹೋಗಿ ಅವಳ ಎದುರು ಕೈ ಚಾಚಿದೆ. ಅವಳು ಅತ್ತೆಯನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಪಾಚಿ ಒರೆಸಿದಳು. ಒಂದು ಕಡೆ ಹಿತ್ತಾಳೆ ಹೊಳೆಯಿತು.

"ಇಷ್ಟು ಚಂದ ಐತೇನಲೇ ಇದು" ಎಂದಳು.

ನಾನು ಎಲ್ಲಾ ಹೇಳಿದೆ. ಆರು ಗಂಟೆ, ನಾಲ್ಕು ಎಸೆತ, ಸೊಂಟದ ಬಟ್ಟೆ, ಪಂಚಾಯ್ತಿಯಲ್ಲಿ ಸುಮ್ಮನಿದ್ದದ್ದು. ಅವಳು ಮೊನೆಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದಳು, ಮಗುವಿನ ಹಲ್ಲು ನೋಡಿದಂತೆ. ನಾನು ಮುಗಿಸಿದ ಮೇಲೆ ಕೇಳಿದಳು.

"ನನ್ನ ತಮ್ಮಗ ಗೊತ್ತಿತ್ತೇನು?"

ಮಾವ, ಆ ಎರಡರ ನಡುವೆ ಎಷ್ಟು ಜಾಗ ಇದೆ ಎಂದು ಬರೆದಿದ್ದೆನಲ್ಲ. ಒಬ್ಬ ಮನುಷ್ಯ ನಿಲ್ಲುವಷ್ಟೂ ಇಲ್ಲ. ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ನೀನು ಊರಿಗೆ ನೆಟ್ಟಗೆ ಬರಬಹುದಿತ್ತು.

"ಅದನ್ನ ಅವನನ್ನ ಕೇಳವ್ವಾ" ಎಂದೆ.

ಅವಳು ತಲೆ ಎತ್ತಲಿಲ್ಲ. ನೀರು ಕೋಲಿನ ಬುಡಕ್ಕೆ ತಾಗುವ ಸದ್ದು ಕೇಳುತ್ತಿತ್ತು.

"ಸರೆ. ಕರ್ಕೊಂಡ್ ಬಾ. ಕೇಳ್ತೀನಿ" ಎಂದಳು. ಆಮೇಲೆ ಮಗನ ಕಡೆ ತಿರುಗಿ, "ನೀನೂ ಹೋಗು. ಹರಿಗೋಲು ಕಡಿದೋನು ನೀನು" ಎಂದಳು.

"ನಾ ಹೋಗಲ್ಲ. ಇವನ ಜೊತಿ ಬಸ್ಸಿನಾಗ ಕುಂದ್ರು ಅಂತೀಯಾ?"

"ಕುಂದ್ರಬ್ಯಾಡ. ನಿಂತ್ಕೊಂಡು ಹೋಗು."

ಯಾರೋ ನಕ್ಕು ಕೆಮ್ಮಿದಂತೆ ಮಾಡಿದರು. ಅವಳು ನಗಲಿಲ್ಲ. ಅತ್ತೆಯನ್ನು ನನಗೆ ವಾಪಸ್ ಕೊಡಲೂ ಇಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮನೆಗೆ ಹೋದಳು.

ಸಂಜೆ ಕಟ್ಟೆಯಲ್ಲಿ ಮತ್ತೆ ಕೂತರು. ಒಂದು ವರ್ಷ ನಾನು ಹೊಳೆಗೆ ಗಾಳ ಹಾಕುವಂತಿಲ್ಲ. ಡಬ್ಬಿಯ ಉಳಿದ ಆರನ್ನು ತಂದು ಕಟ್ಟೆಯ ಮೇಲಿಟ್ಟೆ. ಎಲ್ಲದರಲ್ಲೂ ಒಂದೇ ಮೊನೆಯ ಕೊಕ್ಕೆ ಇತ್ತು. ನೀನು ಬರೆದ ವಾರವೇ ಬದಲಾಯಿಸಿದ್ದೆ. ಯಾರೂ ಅದನ್ನು ಗಮನಿಸಲಿಲ್ಲ. ನಮ್ಮವ್ವ ಊಟಕ್ಕೆ ಬಡಿಸಿದಳು, ಮುಖ ನೋಡಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಕೈಯಲ್ಲೇ ತಂದು ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಬಾಯಲ್ಲಿ ಹೇಳಿದರೆ ಅಲ್ಲಲ್ಲಿ ನನ್ನ ಕಡೆಗೆ ಸ್ವಲ್ಪ ಬಾಗಿಸಿಬಿಡುತ್ತೇನೆ ಎಂದು ಹೆದರಿಕೆ. ನೀನು ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಬಂದರೆ ಅವಳು ಕೇಳುತ್ತಾಳೆ. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಯಾವ ನೀರಿಗೆ ಯಾವುದು ಎಂದು ನೀನು ನನಗೆ ಕಲಿಸಿದ್ದು, ನಾನು ನಿನಗಲ್ಲ.

ಭರತ ಈಗ ತಾನೇ ಬಾಗಿಲಿಗೆ ಬಂದು ಹೋದ. ನಿನ್ನೆಯಿಂದ ಇದೇ ಅವನ ಮೊದಲ ಮಾತು: "ಎಷ್ಟೊತ್ತಿಗೆ ಬಸ್ಸು?" ಆರಕ್ಕೆ ಎಂದೆ. ಆದೋನಿ, ಅಲ್ಲಿಂದ ಬಳ್ಳಾರಿ, ಅಲ್ಲಿಂದ ಹೊಸಪೇಟೆ.

ನಾಳೆ ಬೆಳಿಗ್ಗೆ ಇಬ್ಬರೂ ಹೊರಡುತ್ತೇವೆ.

ಸೂರಿ